ಬೊಮ್ಮನನ್ನು ನಾನು ಕೇಳದ ಮಾತು

ಬೊಮ್ಮ ಆಫ್ರಿಕಕ್ಕೆ ಹೋಗದಂತೆ ತಡೆದವನು ನಾನು. ಈ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ.

ಐವತ್ತರ ದಶಕ. ಹೆಗ್ಗಡದೇವನಕೋಟೆ ಕಾಡಿನ ಆನೆ ಶಿಬಿರದಲ್ಲಿ ನಾನು ಗುಮಾಸ್ತ; ಜೇನುಕುರುಬರ ಬೊಮ್ಮ ಆನೆ ನೋಡಿಕೊಳ್ಳುವ ಕಾವಾಡಿ. ತಾಯಿ ಸತ್ತ ಮರಿಯಾನೆಯೊಂದನ್ನು ಅವನು ರಾಗಿ ಗಂಜಿ ಕುಡಿಸಿ, ತನ್ನ ಕಂಬಳಿಯನ್ನೇ ಹೊದಿಸಿ ಬದುಕಿಸಿಕೊಂಡಿದ್ದ. ಅದನ್ನು ನೋಡಲು ಆಫ್ರಿಕದ ರಾಷ್ಟ್ರೀಯ ಉದ್ಯಾನವೊಂದರಿಂದ ಬಿಳಿಯ ಅಧಿಕಾರಿಯೊಬ್ಬ ಬಂದ. ಅಲ್ಲಿ ದಂತಕ್ಕಾಗಿ ತಾಯಾನೆಗಳನ್ನು ಕೊಲ್ಲುತ್ತಿದ್ದರಂತೆ; ಅನಾಥ ಮರಿಗಳನ್ನು ಎತ್ತಿ ತಂದು ಸಾಕಿದರೂ ಒಂದೂ ಉಳಿಯುತ್ತಿರಲಿಲ್ಲವಂತೆ.

ನನ್ನನ್ನು ದುಭಾಷಿಯಾಗಿ ನಿಲ್ಲಿಸಿದರು. ನಮ್ಮೂರು ಮಿರ್ಲೆಯಿಂದ ಕೃಷ್ಣರಾಜನಗರದ ಹೈಸ್ಕೂಲಿಗೆ ಸೈಕಲ್ ತುಳಿದು ಕಲಿತ ಇಂಗ್ಲಿಷು — ಉಬ್ಬಿಹೋಗಿದ್ದೆ. ಆತ ನನ್ನ ಹೆಸರನ್ನೂ ಕೇಳಲಿಲ್ಲ. ಎರಡು ದಿನ ಲದ್ದಿಯ ನಡುವೆ ಬೊಮ್ಮನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಅವನ ಕೈಗಳನ್ನೇ ನೋಡುತ್ತಿದ್ದ. ಅಕ್ಷರ ಬಾರದ ಇವನಲ್ಲಿ ಅಂಥದ್ದೇನಿದೆ — ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತೇ ಇದ್ದೆ, ಹೊಟ್ಟೆಯೊಳಗೆ ಕಿಚ್ಚು…

ಹೊರಡುವ ಬೆಳಿಗ್ಗೆ ಅಧಿಕಾರಿ ನನ್ನತ್ತ ತಿರುಗಿ, "ಒಂದು ವರ್ಷ ನಮ್ಮಲ್ಲಿಗೆ ಬಂದು ನಮ್ಮವರಿಗೆ ಕಲಿಸುತ್ತಾನಾ, ಕೇಳು," ಎಂದ.

ನಾನು ಬೊಮ್ಮನಿಗೆ ಹೇಳಿದೆ: "ಇವತ್ತು ಮಳೆ ಬತ್ತದಾ ಅಂತ ಕೇಳ್ತಾವ್ರೆ ಕಣ್ಲಾ."

ಬೊಮ್ಮ ಆಕಾಶ ನೋಡಿದ. ನಕ್ಕು, ಅಡ್ಡಡ್ಡ ತಲೆಯಾಡಿಸಿದ. "ಇಲ್ಲ ಬುದ್ಧಿ, ಬರಾಕಿಲ್ಲ."

"ಬರುವುದಿಲ್ಲವಂತೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅಧಿಕಾರಿ ಬೊಮ್ಮನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು ಬಿಟ್ಟ. ಜೀಪು ಹೋದ ಮೇಲೆ ಬೊಮ್ಮ, "ಯಾಕ್ ಬುದ್ಧಿ, ದೊರೆ ಮೊಕ ಸಪ್ಪಗಾಯ್ತು?" ಎಂದ.

"ಬಿಸಿಲು ಕಣ್ಲಾ, ಬುಡು."

ಅದೊಂದು ಗಳಿಗೆಯ ಉರಿ ಎಂದುಕೊಳ್ಳಬಹುದಿತ್ತು. ಆದರೆ ಮರುವರ್ಷ ಆ ಅಧಿಕಾರಿಯ ಕಾಗದ ಬಂತು. ಮತ್ತೆ ಮೂರು ಮರಿಗಳು ಸತ್ತಿದ್ದವು. ಬೊಮ್ಮ ಮನಸ್ಸು ಬದಲಿಸಿದ್ದಾನಾ ಎಂದು ಕೇಳಿದ್ದ. ನನ್ನಿಂದ ಹತ್ತು ಮಾರು ದೂರದಲ್ಲಿ ಬೊಮ್ಮ ಆನೆಗೆ ಮೈ ಉಜ್ಜುತ್ತಿದ್ದ. ಕೂಗಿದ್ದರೆ ಬರುತ್ತಿದ್ದ. "ಇಲ್ಲ" ಎಂದು ದುಂಡಗಿನ ಅಕ್ಷರಗಳಲ್ಲಿ ಉತ್ತರ ಬರೆದೆ — ನನ್ನನ್ನಾದರೂ ಕರೆದಾನು ಎಂಬ ಆಸೆ, ಆಗಲೂ. ಆಮೇಲೆ ಕಾಗದ ಬರಲಿಲ್ಲ.

ಬೊಮ್ಮ ಈಗಿಲ್ಲ. ಕಳೆದ ವಾರ ಹಾಡಿಯಲ್ಲಿದ್ದ ಅವನ ಗುಡಿಸಲಿಗೆ ಹೋಗಿ, ಮಗಳು ಕೆಂಪಿಯ ಮುಂದೆ ಎಲ್ಲ ಹೇಳಿದೆ. ಬೈಯಲಿಲ್ಲ. ಒಂದೇ ಮಾತು ಕೇಳಿದಳು:

"ನಮ್ಮಪ್ಪ ಓಯ್ತೀನಿ ಅಂತಿದ್ನಾ ಸ್ವಾಮಿ?"

"ಗೊತ್ತಿಲ್ಲ ಕಣವ್ವ," ಎಂದೆ. "ನಾನು ಕೇಳಲೇ ಇಲ್ಲ."