ಅಕ್ಕನಿಗೆ ಸಿಗಬೇಕಿದ್ದ ಮನೆ

ಅಕ್ಕನ ಬಲಗೈ ಬಳೆಗೆ ಸದಾ ನಾಲ್ಕೈದು ಪಿನ್ನುಗಳು ನೇತಾಡುತ್ತಿದ್ದವು. ಮನೆಯಲ್ಲೇ ಸೀರೆಗಳಿಗೆ ಫಾಲ್ ಹಚ್ಚುವವಳು. ಕೈ ಎತ್ತಿದರೆ ಕಿಣಿಕಿಣಿ. ಆ ಸದ್ದನ್ನೂ ನಾಲಿಗೆಯಲ್ಲಿ ನುಡಿಸಿ ಗಲ್ಫಿನ ಅಲ್ ಗುಬ್ರಾದ ನಮ್ಮ ಬಿಲ್ಡಿಂಗಿನವರನ್ನೆಲ್ಲ ನಗಿಸಿದವನು ನಾನು. ಅದೇ ನಾಲಿಗೆಯಿಂದ ಅವಳಿಗೆ ಸಿಗಬೇಕಿದ್ದ ಮನೆಯನ್ನು ತಪ್ಪಿಸಿದ ಮಹಾನುಭಾವನೂ ನಾನೇ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಅವಳು ನಮ್ಮ ಪಕ್ಕದ ಫ್ಲಾಟಿನವಳು, ಬಂಟ್ವಾಳದ ಕಡೆಯವಳು. ನನ್ನ ಅನುಕರಣೆಗೆ ಎಲ್ಲರೂ ಚಪ್ಪಾಳೆ ತಟ್ಟಿದರೆ ಅವಳು ಮಾತ್ರ, "ನಿನ್ನ ಸ್ವಂತ ಸ್ವರ ಯಾವುದು ಮಾರಾಯ? ಅದನ್ನೊಮ್ಮೆ ಕೇಳಿಸು" ಎನ್ನುತ್ತಿದ್ದಳು. ಎನ್ನುತ್ತಲೇ ತಟ್ಟೆಗೆ ಇನ್ನೊಂದು ನೀರುದೋಸೆ ಹಾಕುತ್ತಿದ್ದಳು.

ಘಾಲಾದ ವರ್ಕ್‌ಶಾಪಿನಲ್ಲಿ ಬೆನ್ನಿನ ಮೇಲೆ ಕಬ್ಬಿಣ ಬಿದ್ದು ಭಾವ ಹಾಸಿಗೆ ಹಿಡಿದರು. ವೀಸಾ ಕೊಟ್ಟ ಧಣಿ, ಅಲ್ಲಿನವರ ಮಾತಿನ ಕಫೀಲ್, ಒಳ್ಳೆಯವನು, ವೀಸಾ ಉಳಿಸಿಕೊಟ್ಟ. ತಿಂಗಳು ತಿಂಗಳು ವಿಮೆಯ ಪರಿಹಾರ ಬರುತ್ತಿತ್ತು. ಅಷ್ಟರಲ್ಲಿ ಫ್ಲಾಟಿನ ಓನರ್, ಮಗನಿಗೆ ಬೇಕೆಂದು ಅವರನ್ನು ಬಿಡಿಸಿದ. ಮಗಳು ಹತ್ತನೇ ಕ್ಲಾಸು. ಪರೀಕ್ಷೆ ಮುಗಿಯುವವರೆಗೆ ಶಾಲೆಯ ಹತ್ತಿರ ಒಂದು ಸೂರು, ಅಕ್ಕ ಕೇಳಿದ್ದು ಅಷ್ಟೇ.

ಬೌಷರ್‌ವರೆಗೂ ನನ್ನ ಕಾರಿನಲ್ಲಿ ಸುತ್ತಿದೆವು. ಬಾಲ್ಕನಿಗಳ ಮೇಲೆ 'ಬಾಡಿಗೆಗಿದೆ' ಎಂಬ ಬೋರ್ಡುಗಳು ಬಿಸಿಲಿಗೆ ಬಣ್ಣ ಕಳೆದುಕೊಂಡಿದ್ದವು. ಮನೆ ಖಾಲಿ ಇಟ್ಟಾರು, ನಮಗೆ ಕೊಡರು. ಪರಿಹಾರದ ಕಾಗದ ತೋರಿಸಿದರೆ ಏಜೆಂಟರೆಲ್ಲರದೂ ಒಂದೇ ಮಾತು, "ಇದು ಸಂಬಳ ಅಲ್ವಲ್ಲ?"

"ಸಂಬಳ ನಾಳೆ ನಿಂತೀತು. ಇದು ನಿಲ್ಲುವುದಿಲ್ಲ" ಎಂದು ಅಕ್ಕ ವಾದಿಸುತ್ತಿದ್ದಳು.

"ಖಲಾಸ್, ಮೇಡಂ."

ಕೊನೆಗೆ ಒಬ್ಬ ಏಜೆಂಟ್ ಮಾತ್ರ ಆ ಕಾಗದದ ಫೋಟೊ ತೆಗೆದುಕೊಂಡು, "ಓನರ್ ಹತ್ತಿರ ಮಾತಾಡಿ ನೋಡ್ತೇನೆ" ಎಂದ. ಕಾಯುವ ಜಾಯಮಾನವೇ ನನ್ನದು? ಭಾವನ ಮ್ಯಾನೇಜರರ ಮೂಗಿನ ಸ್ವರ ನನಗೆ ಬಾಯಿಪಾಠ. ಅಕ್ಕನಿಗೆ ಹೇಳದೆ ಏಜೆಂಟನಿಗೆ ಫೋನ್ ಹಚ್ಚಿ, ಆ ಸ್ವರದಲ್ಲಿ, "ಅವನು ಡ್ಯೂಟಿಗೆ ಬರ್ತಿದ್ದಾನೆ, ಸಂಬಳ ಕೊಡ್ತಿದ್ದೇವೆ" ಎಂದು ಹಿಂದಿಯಲ್ಲಿ ಗುಡುಗಿದೆ. ಇಟ್ಟ ಮೇಲೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮನೆ ಆಯಿತೆಂದು ಕರೆ ಬಂದು ಅಕ್ಕನೊಂದಿಗೆ ಕೀಲಿ ತರಲು ಹೋದಾಗ ಏಜೆಂಟ್ ನಕ್ಕ. "ನಿಮ್ಮವರು ಡ್ಯೂಟಿಗೆ ಹೋಗ್ತಿದ್ದಾರಂತೆ, ಸಂತೋಷ. ಮ್ಯಾನೇಜರ್ ಹೇಳಿದರು."

ಅಕ್ಕ ನನ್ನತ್ತ ತಿರುಗಿದಳು. ಅವಳು ಹೂಂ ಅಂದಿದ್ದರೆ ಕೀಲಿ ಕೈಗೆ ಬರುತ್ತಿತ್ತು.

"ಇಲ್ಲ. ಅವರಿಗೆ ಎದ್ದು ಕೂರಲಿಕ್ಕೂ ಆಗುವುದಿಲ್ಲ" ಎಂದಳು ಏಜೆಂಟನಿಗೆ.

ಏಜೆಂಟ್ ಕೀಲಿಯನ್ನು ಡ್ರಾಯರಿನೊಳಗೆ ವಾಪಸ್ ಹಾಕಿದ. "ಆ ಕಾಗದ ನೋಡಿಯೇ ಓನರ್ ಒಪ್ಪಿದ್ದರು, ಮೇಡಂ. ಮ್ಯಾನೇಜರ್ ಬೇಕಿರಲಿಲ್ಲ. ಈಗ ಕಾಗದವನ್ನಾದರೂ ಹೇಗೆ ನಂಬಲಿ?"

ಅಕ್ಕ ಭಾವನನ್ನು ಕರೆದುಕೊಂಡು ಊರಿಗೆ ಹೊರಟಳು. ಮಗಳು ಪರೀಕ್ಷೆಯವರೆಗೆ ನಮ್ಮ ಮನೆಯ ಹಾಲಿನಲ್ಲಿ ಉಳಿದಳು. ರಾತ್ರಿ ಅಮ್ಮನ ಫೋನ್ ಬಂದರೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಮಾತಾಡುತ್ತಿದ್ದಳು. ಆ ನಲ್ಲಿಯ ಸದ್ದನ್ನು ನಾನು ಇವತ್ತಿಗೂ ಯಾರೆದುರೂ ಅನುಕರಿಸಿಲ್ಲ.

ಅವರು ಹೊರಟ ದಿನ ಏರ್‌ಪೋರ್ಟಿನಲ್ಲಿ ಅಕ್ಕ ಬಳೆಯಿಂದ ಒಂದು ಪಿನ್ನು ಬಿಡಿಸಿ ಮಗಳ ದುಪಟ್ಟಾಕ್ಕೆ ಹಾಕುತ್ತಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ. "ಅಕ್ಕಾ, ಇನ್ನೊಬ್ಬ ಏಜೆಂಟ್ ಇದ್ದಾನೆ. ನಾನೇ ಒಂದು ಮಾತು ಹೇಳಿ ನೋಡ್ಲಾ?"

ಅವಳು ತಲೆ ಎತ್ತದೆ ಅಂದಳು: "ನಾನು ಬಾಡಿಗೆಗೆ ಕೇಳಿದ್ದು ಮನೆ ಮಾರಾಯ, ಬಾಯಿ ಅಲ್ಲ."