ಅನೌನ್ಸರರ ಒಣ ಕೆಮ್ಮು

ರೈಲು ನಿಲ್ದಾಣದ ಅನೌನ್ಸರರಿಗೆ ತಮ್ಮ ಗಂಟಲಿನ ಮೇಲೆ ಎಲ್ಲಿಲ್ಲದ ಜಂಬ. ಇಪ್ಪತ್ತೆರಡು ವರ್ಷದಿಂದ ಗಾಜಿನ ಗೂಡಿನಲ್ಲಿ ಕೂತು, ಮೂರು ಗಂಟೆ ತಡವಾದ ಗಾಡಿಯನ್ನೂ ಸಿಹಿಸುದ್ದಿಯಂತೆ ಸಾರುತ್ತಿದ್ದರು. ಯಂತ್ರದ ಧ್ವನಿ ತರಿಸುತ್ತೇವೆಂದು ಮೇಲಿನವರು ಆಗಾಗ ಹೆದರಿಸುತ್ತಿದ್ದರು. ಗಂಟಲು ಕೆಟ್ಟರೆ ಕೆಲಸವೂ ಹೋದಂತೆಯೇ.

ಇಂಥವರ ರಕ್ತದೊತ್ತಡ ನೂರ ಎಂಬತ್ತು ದಾಟಿತು. ಡಾಕ್ಟರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು.

"ಇದರಲ್ಲಿ ಕಿಡ್ನಿಯ ಕಿತಾಪತಿಯೂ ಇದೆ ಸಾರ್. ರಕ್ತ ಸಾಲ್ತಿಲ್ಲ ಅನ್ನಿಸಿದ್ರೆ ಅದು ರೆನಿನ್ ಅನ್ನೋ ರಸ ಬಿಡುತ್ತೆ. ಅದರಿಂದ ಆಂಜಿಯೋಟೆನ್ಸಿನ್ ಅನ್ನೋ ಹಾರ್ಮೋನು ಹುಟ್ಟಿ ರಕ್ತನಾಳನ ಬಿಗಿಯುತ್ತೆ. ಸಾಲದ್ದಕ್ಕೆ ಆಲ್ಡೊಸ್ಟೆರಾನ್ ಅನ್ನೋದನ್ನೂ ಎಬ್ಬಿಸುತ್ತೆ. ಅದು ಉಪ್ಪು, ನೀರು ಹೊರಗೆ ಹೋಗದ ಹಾಗೆ ಹಿಡಿದಿಡುತ್ತೆ. ಒತ್ತಡ ಏರದೆ ಇನ್ನೇನಾಗುತ್ತೆ? ಈ ಮಾತ್ರೆ ಆ ಆಂಜಿಯೋಟೆನ್ಸಿನ್ ತಯಾರಾಗೋದನ್ನ ತಡೆಯುತ್ತೆ. ಏನೇ ತೊಂದರೆ ಆದ್ರೂ ಬಂದು ಹೇಳಿ."

ಅನೌನ್ಸರರಿಗೆ ಅರ್ಥವಾದದ್ದು ಇಷ್ಟೇ: ಹೊಟ್ಟೆಯೊಳಗೂ ಒಂದು ಇಲಾಖೆ ಇದೆ, ಅಲ್ಲೂ ಒಬ್ಬ ಸುಳ್ಳು ದೂರು ಕೊಟ್ಟರೆ ಉಳಿದವರೆಲ್ಲ ಎದ್ದುಬಿದ್ದು ಓಡುತ್ತಾರೆ.

ಮೂರನೇ ವಾರಕ್ಕೆ ಒಣ ಕೆಮ್ಮು ಹತ್ತಿತು. ಗಾಡಿಯ ನಂಬರಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಖೊಕ್ ಖೊಕ್. ಸ್ಟೇಷನ್ ಮಾಸ್ಟರ್ ಬಾಗಿಲಲ್ಲಿ ತಲೆ ತೂರಿಸಿ, "ಏನ್ರೀ, ಬರ್ತಿರೋದು ಗಾಡಿಯೋ ಕೆಮ್ಮೋ?" ಎಂದರು. ಮಾತ್ರೆ ಡಬ್ಬಿಯೊಳಗಿನ ಚೀಟಿಯಲ್ಲಿ, ಕೆಲವರಿಗೆ ಒಣ ಕೆಮ್ಮು ಬರಬಹುದು ಎಂದಿತ್ತು. ಬೇರೆಯವರಾಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ನಮ್ಮ ಮಹಾಬುದ್ಧಿವಂತರು ಮಾತ್ರೆಗೇ ನಮಸ್ಕಾರ ಹೊಡೆದರು. ದಿನಕ್ಕೊಂದು ಮಾತ್ರೆ ಗೂಡಿನ ಕಿಟಕಿಯ ಹೂಕುಂಡಕ್ಕೆ ಹೋಯಿತು. ಗಿಡಕ್ಕಂತೂ ರಕ್ತದೊತ್ತಡ ಬರಲಿಲ್ಲ.

"ರೀ, ಮಾತ್ರೆ ತಗೊಂಡ್ರಾ?" ಎಂದು ಹೆಂಡತಿ ದಿನವೂ ಫೋನು ಮಾಡುತ್ತಿದ್ದರು.

"ಆಯ್ತು ಕಣೇ," ಎಂದು ಅವರು ಅಷ್ಟೇ ಇಂಪಾಗಿ ಸುಳ್ಳು ಹೇಳುತ್ತಿದ್ದರು.

ಕೆಮ್ಮು ನಿಂತಿತು. ತಪಾಸಣೆಗೆ ಹೋಗುವುದೂ ನಿಂತಿತು. ಎಂಟನೇ ತಿಂಗಳು, ಒಂದು ಬೆಳಿಗ್ಗೆ, ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದವರ ಮುಂದಿನ ಮಾತು ತೊದಲಿತು. ಹೊರಗಿದ್ದವರು ಮೈಕು ಕೆಟ್ಟಿದೆ ಎಂದುಕೊಂಡರು. ಕೆಟ್ಟದ್ದು ಮೈಕಲ್ಲ. ಒತ್ತಡಕ್ಕೆ ಮೆದುಳಿನ ರಕ್ತನಾಳ ಒಡೆದು, ಬಲಗೈ ಜೋತುಬಿದ್ದಿತ್ತು.

ಆಸ್ಪತ್ರೆಯಲ್ಲಿ ಸ್ಟೇಷನ್ ಮಾಸ್ಟರರಿಂದ ಕೆಮ್ಮಿನ ಕತೆಯೂ ಹೂಕುಂಡದಲ್ಲಿ ಸಿಕ್ಕ ಮಾತ್ರೆಗಳ ಕತೆಯೂ ತಿಳಿದ ಡಾಕ್ಟರಮ್ಮನಿಗೆ ಸಿಟ್ಟೂ ಬಂತು, ಸಂಕಟವೂ ಆಯಿತು. "ಕೆಮ್ಮು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಸಾರ್! ಅದೇ ಹಾರ್ಮೋನಿಗೆ ಕಡಿವಾಣ ಹಾಕೋ ಬೇರೆ ಮಾತ್ರೆ ಇದೆ. ಅದಕ್ಕೆ ಹೀಗೆ ಕೆಮ್ಮು ಬರಲ್ಲ."

"ಈಗ ಬೈಬೇಡಿ ಡಾಕ್ಟ್ರೇ," ಎಂದ ಹೆಂಡತಿ ಗಂಡನತ್ತ ತಿರುಗಿದರು. "ನನಗಾದ್ರೂ ಹೇಳಬಾರದಿತ್ತಾ?"

ತಪ್ಪಾಯ್ತು ಎನ್ನಬೇಕಿತ್ತು ಅವರಿಗೆ. ತುಟಿ ಒಂದೇ ಕಡೆ ಅಲುಗಿತು. ಹೆಂಡತಿ ಅವರ ಬಾಯಿಯ ಹತ್ತಿರ ಕಿವಿ ತಂದು, ಬಹಳ ಹೊತ್ತು ಕಾದರು.