ತಮ್ಮನಿಗೆ ಒಂದು ಪುಸ್ತಕ

ಜಗಳಗಂಟಿಯನ್ನು ಎಲ್ಲಿಗೆ ಹಾಕುವುದು ಎಂದು ಗ್ರಂಥಾಲಯದ ಮೇಲಿನವರು ಬಹಳ ದಿನ ತಲೆ ಕೆರೆದುಕೊಂಡು, ಕೊನೆಗೆ ಅವಳನ್ನು ಮಕ್ಕಳ ಕೋಣೆಗೆ ಹಾಕಿದರು. ಅದು ಶಿಕ್ಷೆ. ಮಹಡಿಯ ಮೇಲಿನ ಆಫೀಸಿನಲ್ಲಿ ಕೂತು ಎಲ್ಲರ ಮಾತಿಗೂ ಎದುರು ಮಾತಾಡುತ್ತಿದ್ದವಳು ಇನ್ನು ಮಕ್ಕಳ ಜೊತೆ ಕಿರುಚಾಡಿಕೊಂಡಿರಲಿ, ನಮ್ಮ ಕಿವಿಗಾದರೂ ವಿಶ್ರಾಂತಿ ಸಿಗಲಿ ಎಂಬುದು ಅವರ ಲೆಕ್ಕಾಚಾರ. ಅವಳು "ಸಂತೋಷ" ಎಂದು ಒಂದೇ ಮಾತು ಹೇಳಿ, ಕುರ್ಚಿಯ ದಿಂಬನ್ನೂ ನೀರಿನ ಬಾಟಲಿಯನ್ನೂ ಎತ್ತಿಕೊಂಡು ಮೆಟ್ಟಿಲಿಳಿದಳು. ಸಂತೋಷವೇನೂ ಆಗಿರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಅದನ್ನು ಅವರೆದುರು ತೋರಿಸಿಕೊಳ್ಳುವ ಹೆಂಗಸು ಅವಳಲ್ಲ ಅಷ್ಟೆ.

ಮಕ್ಕಳ ಕೋಣೆ ಕಟ್ಟಡದ ಹಿಂಬದಿಯಲ್ಲಿತ್ತು. ಗೋಡೆಯುದ್ದಕ್ಕೂ ಸೊಂಟದೆತ್ತರದ ಕಪಾಟುಗಳು, ನಡುವೆ ಮೋಟು ಕಾಲಿನ ಸ್ಟೂಲುಗಳು, ಒಂದು ಕಿಟಕಿ, ಅದರಾಚೆ ಸೈಕಲ್ ನಿಲ್ಲಿಸುವ ಜಾಗ. ಕಪಾಟುಗಳಿಗೆಲ್ಲ ಬೀಗ. ಗಾಜಿನ ಹಿಂದೆ ಪುಸ್ತಕಗಳು ಫಳಫಳ ಹೊಳೆಯುತ್ತಿದ್ದವು. ಹೊಳೆಯದೆ ಏನು, ಯಾರಾದರೂ ಮುಟ್ಟಿದ್ದರೆ ತಾನೆ ಮಾಸುವುದು. ಅವಳು ಎಲ್ಲ ಬೀಗ ತೆಗೆದು ಕೀಲಿ ಗೊಂಚಲನ್ನು ತನ್ನ ಚೀಲದ ತಳಕ್ಕೆ ಹಾಕಿ, ಕೀಲಿ ಕಳೆದುಹೋಯಿತೆಂದು ಮೇಲಕ್ಕೆ ಹೇಳಿ ಕಳಿಸಿದಳು. ಹುಡುಕಲು ಯಾರೂ ಬರಲಿಲ್ಲ.

ಮಕ್ಕಳ ಪುಸ್ತಕದ ವಿಷಯದಲ್ಲಿ ಅವಳಿಗೆ ಗೊತ್ತಿದ್ದದ್ದು ಸೊನ್ನೆ. ಹಾಗಾಗಿ ಮೋಟು ಸ್ಟೂಲಿನ ಮೇಲೆ ಕೂತು ಒಂದು ಕಡೆಯಿಂದ ಓದುತ್ತಾ ಹೋದಳು. ಕೆಲವಕ್ಕೆ ಒಬ್ಬಳೇ ನಕ್ಕಳು. ಎಷ್ಟೋ ಪುಸ್ತಕಗಳು ಮೊದಲ ಸಾಲಿನಿಂದಲೇ ಬುದ್ಧಿ ಹೇಳಲು ಶುರು ಮಾಡುತ್ತಿದ್ದವು. "ಇದನ್ನ ಬರೆದವರನ್ನ ಕೂಡಿಸಿ ಇದನ್ನೇ ಓದಿಸ್ಬೇಕು" ಎಂದು ಗೊಣಗುತ್ತಾ ಅಂಥವನ್ನು ಕೆಳಗಿನ ಸಾಲಿಗೆ ನೂಕಿದಳು.

ಬರುವ ಮಕ್ಕಳನ್ನು ಅವಳು ವಯಸ್ಸು ಕೇಳುತ್ತಿರಲಿಲ್ಲ, ಕ್ಲಾಸು ಕೇಳುತ್ತಿರಲಿಲ್ಲ. "ಮೊನ್ನೆ ಯಾವುದಕ್ಕೆ ಹೊಟ್ಟೆ ಹಿಡ್ಕೊಂಡು ನಕ್ಕೆ?" ಎಂದೋ, "ಯಾವುದನ್ನ ಕಂಡರೆ ಹೆದರಿಕೆ?" ಎಂದೋ ಕೇಳುತ್ತಿದ್ದಳು. ಆಮೇಲೆ ಒಂದು ಪುಸ್ತಕ ತೆಗೆದು ತಾನೇ ಓದಿ ಹೇಳುತ್ತಿದ್ದಳು. ಕಳ್ಳ ಚಿಲಕದ ಮೇಲೆ ಕೈಯಿಟ್ಟ, ಅಷ್ಟರಲ್ಲಿ ಒಳಗಿನಿಂದ ಯಾರೋ ಕೆಮ್ಮಿದರು ಎನ್ನುವಲ್ಲಿ ಪಟ್ಟನೆ ಮುಚ್ಚಿಬಿಡುವಳು. "ಆಮೇಲೆ?" ಎಂದು ಮಗು ಕೇಳಿದರೆ ಪುಸ್ತಕ ಅದರ ಕೈಗೆ. ಕೇಳದೆ ಕಿಟಕಿಯ ಕಡೆ ನೋಡಿದರೆ ಬೇಜಾರಿಲ್ಲದೆ ಇನ್ನೊಂದು ತೆಗೆಯುವಳು. ಯಾವ ಕತೆಯನ್ನೂ ಪೂರ್ತಿ ಹೇಳದವಳಿಗೆ ಮಕ್ಕಳು ಅರ್ಧಮ್ಮ ಎಂದು ಹೆಸರಿಟ್ಟರು. ಪುಸ್ತಕಕ್ಕೆ ಬೈಂಡು ಹಾಕುವ ಕೆಲಸದ ಅವಳ ಗಂಡನ ಕಿವಿಗೆ ಇದು ಬಿದ್ದಾಗ ಅವನು ಸುಮ್ಮನಿರಲಿಲ್ಲ. "ಸರಿಯಾಗೇ ಇಟ್ಟಿದ್ದಾರೆ. ಮನೇಲೂ ಅರ್ಧ ಜಗಳ ಆಡಿ ಎದ್ದು ಹೋಗ್ತೀಯ, ಉಳಿದರ್ಧ ನಾನೊಬ್ಬನೇ ಆಡ್ಬೇಕು" ಎಂದ.

ಹೀಗಿರುವಾಗ ಇಸ್ತ್ರಿ ಅಂಗಡಿಯವಳ ಮಗಳು ಬಂದಳು. ಹದಿಮೂರರ ಹುಡುಗಿ, ವಯಸ್ಸಿಗೆ ಮೀರಿದ ಉದ್ದ. ಶಾಲೆಯಲ್ಲಿ ಅವಳನ್ನು ಏಣಿ ಎಂದು ಕರೆಯುತ್ತಿದ್ದರು. ಬಾಗಿಲಲ್ಲೇ ನಿಂತು, "ತಮ್ಮನಿಗೆ ಒಂದು ಪುಸ್ತಕ ಬೇಕಿತ್ತು" ಎಂದಳು.

ಅರ್ಧಮ್ಮನ ಮನೆಯ ಬಟ್ಟೆ ಇಸ್ತ್ರಿಯಾಗುತ್ತಿದ್ದದ್ದು ಅದೇ ಅಂಗಡಿಯಲ್ಲಿ. ಅಲ್ಲಿ ಇರುವವಳು ಇವಳೊಬ್ಬಳೇ ಮಗಳು, ತಮ್ಮನೂ ಇಲ್ಲ ತಂಗಿಯೂ ಇಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾರ ಸುಳ್ಳನ್ನೂ ಬಿಡದೆ ಹಿಡಿದು ಜಗ್ಗುವ ಹೆಂಗಸು ಅಂದು ಆ ಸುಳ್ಳಿನ ಗೊಡವೆಗೆ ಹೋಗಲಿಲ್ಲ.

"ನಿನ್ನ ತಮ್ಮ ನಗೋ ಹುಡುಗನಾ, ಹೆದರೋ ಹುಡುಗನಾ?"

ಹುಡುಗಿ ಯೋಚಿಸಿದಳು. "ನಗೋ ಹುಡುಗ. ಆದರೆ ಯಾರೂ ನೋಡದೆ ಇದ್ದಾಗ."

ಅರ್ಧಮ್ಮ ಹೆಡ್‌ಮಾಸ್ತರರ ಟೋಪಿ ನುಂಗಿದ ಕತ್ತೆಯ ಕತೆ ಕೊಟ್ಟಳು. ತುಂಬ ಚಿತ್ರ, ಪುಟಕ್ಕೆ ನಾಲ್ಕೇ ಸಾಲು. ಮುಂದಿನ ವಾರ ಹುಡುಗಿ ಪುಸ್ತಕ ತಂದು ಮೇಜಿನ ಮೇಲಿಟ್ಟು, ಒಂದು ಪುಟ ತೆಗೆದು ಬೆರಳಿಟ್ಟಳು. "ಇದನ್ನ ಹೇಗೆ ಓದೋದು ಅಂತ ತಮ್ಮ ಕೇಳ್ದ." ಆ ಪದ ‘ಅಸ್ತವ್ಯಸ್ತ’. ಒತ್ತಕ್ಷರ ಬಂದಲ್ಲೆಲ್ಲ ಈ ಹುಡುಗಿ ಎಡವುತ್ತಾಳೆ, ತರಗತಿಯಲ್ಲಿ ಎದ್ದು ಓದುವಾಗ ಹಿಂದಿನ ಬೆಂಚಿನವರು ನಗುತ್ತಾರೆ ಎಂಬುದು ಅರ್ಧಮ್ಮನಿಗೆ ಬೇರೆ ಮಕ್ಕಳಿಂದ ಆಗಲೇ ಗೊತ್ತಾಗಿತ್ತು. "ನಿನ್ನ ತಮ್ಮನಿಗೆ ಹೇಳು, ಇಷ್ಟೊಂದು ಒತ್ತನ್ನ ಒಂದೇ ಪದದಲ್ಲಿ ತುರುಕಿದವರದ್ದು ತಪ್ಪು, ಅವನದ್ದಲ್ಲ" ಎಂದು, ಪದವನ್ನು ಮುರಿದು ಮುರಿದು ಓದಿ ತೋರಿಸಿದಳು. ಹುಡುಗಿ ತುಟಿಯಲ್ಲೇ ಹೇಳಿಕೊಂಡಳು. ಹಾಗೆ ವಾರ ವಾರವೂ ತಮ್ಮನಿಗೆ ಸಂಶಯ ಬರುತ್ತಿತ್ತು, ವಾರ ವಾರವೂ ತಮ್ಮನ ಪುಸ್ತಕ ಒಂಚೂರು ದಪ್ಪಗಾಗುತ್ತಿತ್ತು. ಅರ್ಧಮ್ಮನಿಗೆ ತನ್ನ ಶಿಕ್ಷೆಯ ಮೇಲೆ ಪ್ರೀತಿ ಬಂದುಬಿಟ್ಟಿತ್ತು.

ಅಷ್ಟರಲ್ಲಿ ಗ್ರಂಥಾಲಯಕ್ಕೆ ಹೊಸ ಸಾಹೇಬರು ಬಂದರು. ಅವರಿಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಒಂದು ಮಧ್ಯಾಹ್ನ ಮಕ್ಕಳ ಕೋಣೆಯ ಬಾಗಿಲಲ್ಲಿ ನಿಂತು, ಒಳಕ್ಕೂ ಬರದೆ, ಆಜ್ಞೆ ಮಾಡಿದರು. ಪುಟ್ಟ ಮಕ್ಕಳ ಪುಸ್ತಕಕ್ಕೆ ಹಸಿರು, ನಡುವಿನವರಿಗೆ ನೀಲಿ, ದೊಡ್ಡವರಿಗೆ ಕೆಂಪು. ಮಕ್ಕಳ ಕಾರ್ಡಿಗೂ ಅದೇ ಬಣ್ಣ. "ಯಾವ ವಯಸ್ಸಿಗೆ ಯಾವುದು ಓದ್ಬೇಕೋ ಅದನ್ನೇ ಓದ್ಬೇಕು. ಬೇರೆ ಬಣ್ಣ ಮುಟ್ಟೋ ಹಾಗಿಲ್ಲ. ಮನೆಯವರಿಗೆ ಅಂತ ತಗೊಂಡು ಹೋಗೋದೂ ಬೇಡ. ಎಲ್ಲ ಪುಸ್ತಕಕ್ಕೂ ಮೂರು ಬಣ್ಣದ ಚೀಟಿ ಅಂಟಿಸಿಬಿಡಿ" ಎಂದು ಹೇಳಿ ಹೊರಟುಹೋದರು.

ಇಸ್ತ್ರಿ ಅಂಗಡಿಯ ಹುಡುಗಿ ಅಲ್ಲೇ ಇದ್ದಳು. ಕೈಯಲ್ಲಿದ್ದ ಪುಸ್ತಕವನ್ನು ಕಪಾಟಿಗೆ ವಾಪಸು ಇಟ್ಟು, "ತಮ್ಮನಿಗೆ ಹುಷಾರಿಲ್ಲ" ಎಂದು ತಲೆ ತಗ್ಗಿಸಿ ಹೋದವಳು ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ.

ಅರ್ಧಮ್ಮ ಇಸ್ತ್ರಿಗೆ ಹಾಕುವಂಥದ್ದೇನೂ ಇಲ್ಲದಿದ್ದರೂ ಗಂಡನ ಒಂದು ಅಂಗಿ ಹಿಡಿದುಕೊಂಡು ಅಂಗಡಿಗೆ ಹೋದಳು. ಹುಡುಗಿಯ ತಾಯಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬೆವರು ಒರೆಸಿಕೊಂಡಳು.

"ಓದೋದು ಬಿಟ್ಟುಬಿಟ್ಟಳು ಮೇಡಂ. ನನ್ನ ಬಣ್ಣದ್ದು ನಂಗೆ ಓದೋಕ್ಕೆ ಬರಲ್ಲ, ತಮ್ಮನ ಬಣ್ಣದ್ದು ಮುಟ್ಟೋ ಹಾಗಿಲ್ಲ ಅಂತಾಳೆ. ಇವಳಿಗೆ ತಮ್ಮ ಎಲ್ಲಿಂದ ಬಂದ ಅಂತಾನೇ ನಂಗೆ ತಿಳೀತಿಲ್ಲ."

"ಇದ್ದಾನೆ ಬಿಡಮ್ಮ, ನಮ್ಮ ಕಡೆಯವನು. ಸೋಮವಾರ ಅವಳನ್ನ ಕಳಿಸು. ಎಲ್ಲ ಬಣ್ಣಾನೂ ಅವಳದ್ದೇ ಅಂತ ಹೇಳು."

ಹೇಳಿಬಿಟ್ಟಳೇನೋ ಸರಿ, ಅದು ಹೇಗೆ ಎಂದು ಅವಳಿಗೇ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಸಾಹೇಬರ ಮಾತನ್ನು ಮನಸ್ಸಿನಲ್ಲೇ ಬಯ್ಯುತ್ತಾ, ಒಂದೊಂದೇ ಪದವನ್ನು ಅಗಿಯುತ್ತಾ ಬಂದಳು. ಮನೆಯ ಮೆಟ್ಟಿಲು ಹತ್ತುವಾಗ ಆ ಕೊನೆಯ ಮಾತು ಹಲ್ಲಿಗೆ ಸಿಕ್ಕಿತು. ಎಲ್ಲ ಪುಸ್ತಕಕ್ಕೂ. ಮೂರು ಬಣ್ಣದ ಚೀಟಿ. ಅವಳು ಮೆಟ್ಟಿಲ ಮೇಲೇ ನಿಂತು ನಕ್ಕಳು.

"ನಿಮ್ಮ ಹತ್ರ ಇರೋದ್ರಲ್ಲಿ ಗಟ್ಟಿ ಅಂಟು ಯಾವುದು?" ಎಂದು ಗಂಡನನ್ನು ಕೇಳಿದಳು.

"ಚೀಟಿ ಕಿತ್ತರೆ ಪುಸ್ತಕದ ಚರ್ಮಾನೂ ಕಿತ್ತು ಬರೋವಂಥದ್ದು ಇದೆ. ಯಾಕೆ, ಯಾರ ಬಾಯಿಗೆ?"

ಭಾನುವಾರ ಇಬ್ಬರೂ ಹೋಗಿ ಅಂಟಿಸಿದರು. ಗಂಡ ಅಂಟು ಬಳಿದ, ಅವಳು ಚೀಟಿ ಒತ್ತಿದಳು. ಪ್ರತಿ ಪುಸ್ತಕದ ಬೆನ್ನಿಗೂ ಹಸಿರು, ನೀಲಿ, ಕೆಂಪು. ಪ್ರತಿ ಕಾರ್ಡಿಗೂ ಹಾಗೆಯೇ. ನಡುವೆ ಗಂಡ ಸೊಂಟ ನೆಟ್ಟಗೆ ಮಾಡಿಕೊಂಡು, "ಕೆಲಸಕ್ಕೆ ಸಂಚಕಾರ ತಂದ್ಕೋತಿದ್ದೀಯ" ಎಂದ. "ಬರಲಿ" ಎಂದಳು. ಅವನು ಮತ್ತೆ ಬಗ್ಗಿ ಅಂಟು ಬಳಿದ.

ಸೋಮವಾರ ಶಾಲೆ ಬಿಟ್ಟ ಮೇಲೆ ಹುಡುಗಿ ಬಂದಳು. ಬೆನ್ನುಗಳ ಮೇಲೆಲ್ಲ ಕೈಯಾಡಿಸಿ ನೋಡಿ, ಅರ್ಧಕ್ಕೆ ಬಿಟ್ಟುಹೋಗಿದ್ದ ಪುಸ್ತಕವನ್ನೇ ತೆಗೆದುಕೊಂಡು ಮೋಟು ಸ್ಟೂಲಿನ ಮೇಲೆ ಕೂತಳು. ಉದ್ದದ ಹುಡುಗಿ, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಸಾಹೇಬರೂ ಅದೇ ಹೊತ್ತಿಗೆ ಬಂದರು. ಈ ಸಲ ಬಾಗಿಲಲ್ಲಿ ನಿಲ್ಲದೆ ಸೀದಾ ಕಪಾಟಿನವರೆಗೂ ಬಂದರು.

"ಏನಮ್ಮಾ ಇದು?"

"ಮೂರು ಬಣ್ಣದ ಚೀಟಿ, ಸರ್. ಎಲ್ಲ ಪುಸ್ತಕಕ್ಕೂ."

"ನಾನು ಹೇಳಿದ್ದು ಹೀಗಲ್ಲ."

"ಹೇಳಿದ್ದು ಹೀಗೇ ಸರ್. ಅಂದ್ಕೊಂಡಿದ್ದು ಬೇರೆ ಇರಬಹುದು."

ಸಾಹೇಬರ ಮುಖ ಕೆಂಪಾಯಿತು. "ಎಲ್ಲ ಕಿತ್ತು ಹಾಕಿ."

"ನಾನು ಕೀಳಲ್ಲ ಸರ್. ಪುಸ್ತಕ ಹರಿದು ಹೋಗುತ್ತೆ. ನನ್ನನ್ನೇ ಬೇಕಾದರೆ ಕಿತ್ತು ಹಾಕಿ, ಅದು ಸುಲಭ."

ಈ ಕೋಣೆಯಿಂದ ತನ್ನನ್ನು ಮೇಲಕ್ಕೆ ಹಾಕಿದರೆ ಅದು ನಿಜವಾದ ಶಿಕ್ಷೆ ಎಂಬುದು ಈಗ ಅವಳಿಗೆ ಗೊತ್ತಿತ್ತು. "ನೋಡ್ಕೋತೀನಿ" ಎಂದು ತಿರುಗಿದ ಸಾಹೇಬರ ಕಣ್ಣಿಗೆ ಸ್ಟೂಲಿನ ಮೇಲಿದ್ದ ಹುಡುಗಿ ಬಿದ್ದಳು.

"ಇಷ್ಟು ದೊಡ್ಡವಳು ನೀನು. ಈ ಚಿಕ್ಕ ಮಕ್ಕಳ ಪುಸ್ತಕ ಯಾಕೆ ಹಿಡ್ಕೊಂಡಿದ್ದೀಯ?"

ಕೋಣೆಯಲ್ಲಿದ್ದ ಮಕ್ಕಳೆಲ್ಲ ಇತ್ತ ತಿರುಗಿದರು. ಅವರಲ್ಲಿ ಹಿಂದಿನ ಬೆಂಚಿನವರೂ ಇದ್ದರು. ಅರ್ಧಮ್ಮ ಅವಸರದಲ್ಲಿ ಅಡ್ಡ ಬಂದು, "ಅದು ಅವಳ ತಮ್ಮನಿಗೆ ಸರ್" ಎಂದಳು.

"ಅಲ್ಲ" ಎಂದಳು ಹುಡುಗಿ. "ನನಗೇ. ನಂಗೆ ತಮ್ಮ ಇಲ್ಲ."

ಕಿವಿಯವರೆಗೂ ಕೆಂಪಾಗಿದ್ದರೂ ಅವಳು ಎದ್ದು ಓಡಲಿಲ್ಲ. ಪುಸ್ತಕ ಬಿಡಿಸಿ, ಸಾಲಿನ ಕೆಳಗೆ ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ ಓದತೊಡಗಿದಳು. ನಿಧಾನ, ತೀರಾ ನಿಧಾನ. ಒಂದು ಒತ್ತಕ್ಷರದ ಮುಂದೆ ನಿಂತಳು, ಹಿಂದಕ್ಕೆ ಹೋದಳು, ಮತ್ತೆ ಬಂದು ದಾಟಿದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅರ್ಧಮ್ಮ ಅತ್ತ ಒಂದು ನೋಟ ನೋಡಿದ ಮೇಲೆ ಆ ಸದ್ದೂ ಅಡಗಿತು.

"ಸರಿ ಸರಿ, ಸಾಕು" ಎಂದರು ಸಾಹೇಬರು.

"ಸಾಕಾಗಿಲ್ಲ ಸರ್" ಎಂದಳು ಅರ್ಧಮ್ಮ. "ಅವಳ ವಾಕ್ಯ ಇನ್ನೂ ಮುಗಿದಿಲ್ಲ. ನಿಂತಾದರೂ ಕೇಳಿ, ಕೂತಾದರೂ ಕೇಳಿ."

ಕಾಲಿನಿಂದ ಒಂದು ಮೋಟು ಸ್ಟೂಲನ್ನು ಅವರ ಕಡೆಗೆ ತಳ್ಳಿದಳು. ಹುಡುಗಿ ಮುಂದಿನ ಪದಕ್ಕೆ ಬೆರಳಿಟ್ಟಳು.